ಒಗರು ಹಿಡಿದು ಹೊರಟರೆ: ಮೈತುಂಬಿದ ಕೆಂಪು ವೈನ್ ಸವಿಯುವುದು

ನಿಮ್ಮ ಮುಂದೆ ಎರಡು ಗ್ಲಾಸುಗಳಿವೆ. ಎರಡರಲ್ಲೂ ಕೆಂಪು ವೈನ್ ಇದೆ. ಇನ್ನೂ ಕುಡಿಯಬೇಡಿ, ಸುಮ್ನೆ ನೋಡಿ. ಗ್ಲಾಸನ್ನು ಬಿಳಿ ಹಾಳೆಯ ಮೇಲೆ ವಾಲಿಸಿ ಹಿಡಿಯಿರಿ. ಎಡಗಡೆಯದು ಶಾಯಿಯ ಹಾಗೆ ದಟ್ಟವಾಗಿದೆ. ಹಿಂದೆ ಬೆರಳಿಟ್ಟರೆ ಬೆರಳು ಕಾಣುವುದಿಲ್ಲ. ಬಲಗಡೆಯದು ತೆಳು ಕೆಂಪು, ಅಂಚಿನಲ್ಲಿ ಸ್ವಲ್ಪ ಇಟ್ಟಿಗೆ ಬಣ್ಣ. ಅದರ ಮೂಲಕ ಹಾಳೆಯ ಮೇಲಿನ ಅಕ್ಷರಗಳನ್ನು ಓದಬಹುದು. ಈಗ ಹೇಳಿ, ಬಾಯಲ್ಲಿ ಯಾವುದು ಹೆಚ್ಚು ಜೋರಾಗಿರುತ್ತದೆ? ಎಡಗಡೆಯದು ಅನ್ನುವವರು ಕೈ ಎತ್ತಿ.

ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲಿದೆ. ಉತ್ತರ ನಾನು ಹೇಳುವುದಿಲ್ಲ, ನಿಮ್ಮ ಬಾಯಿಯೇ ಹೇಳಲಿ. ಬಲಗಡೆಯ ಗ್ಲಾಸನ್ನು ಪಕ್ಕಕ್ಕಿಡಿ. ಮೊದಲು ಎಡಗಡೆಯದನ್ನು ಸಾವಕಾಶವಾಗಿ ನೋಡೋಣ.

ದಟ್ಟ ಕೆಂಪು ವೈನನ್ನು ಮೊದಲ ಸಲ ಕುಡಿದವರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: ‘ಸ್ಟ್ರಾಂಗ್ ಆಗಿದೆ.’ ಆ ಒಂದು ಮಾತಿನೊಳಗೆ ನಾಲ್ಕೈದು ಸಂಗತಿಗಳು ಗಂಟು ಬಿದ್ದಿರುತ್ತವೆ. ಗಂಟಲಿಗೆ ತಾಗುವ ಆಲ್ಕೋಹಾಲಿನ ಬಿಸಿ ಒಂದು. ಹುಳಿ ಇನ್ನೊಂದು. ನಾಲಿಗೆಯ ಮೇಲೆ ಕೂರುವ ಭಾರ, ಅಂದರೆ ವೈನಿನ ಮೈ, ಮತ್ತೊಂದು. ಮರದ ಪೀಪಾಯಿಯಿಂದ ಬಂದ ಘಾಟೂ ಇರಬಹುದು. ಇವೆಲ್ಲದರ ಜೊತೆ ಒಗರು. ಒಗರಿನ ಎಳೆ ಹಿಡಿದು ಬಿಡಿಸಲು ಶುರು ಮಾಡಿದರೆ ಉಳಿದ ಗಂಟು ತಾನಾಗಿ ಸಡಿಲವಾಗುತ್ತದೆ ಅನ್ನುವುದು ನನ್ನ ಅನುಭವ. ನಮಗೆ ಒಂದು ಅನುಕೂಲವೂ ಇದೆ. ಒಗರು ಅನ್ನುವ ಪದ ಕನ್ನಡದಲ್ಲಿ ಮಕ್ಕಳ ಬಾಯಲ್ಲೂ ಇದೆ. ಕಹಿ ಬೇರೆ, ಹುಳಿ ಬೇರೆ, ಒಗರು ಬೇರೆ ಎಂದು ತಿಳಿದೇ ನಾವು ಬೆಳೆಯುತ್ತೇವೆ. ವೈನ್ ಕಲಿಯಲು ಬಂದ ಎಷ್ಟೋ ಜನ ಕಹಿಯನ್ನೂ ಒಗರನ್ನೂ ಬೇರೆ ಮಾಡಲಾಗದೆ ಬಹಳ ದಿನ ಒದ್ದಾಡುತ್ತಾರೆ. ನೀವು ಆ ಮೆಟ್ಟಿಲನ್ನು ಆಗಲೇ ಹತ್ತಿದ್ದೀರಿ.

ಬಣ್ಣದ ವಿಷಯವನ್ನು ಬೇಗ ಮುಗಿಸುತ್ತೇನೆ. ಕಪ್ಪು ದ್ರಾಕ್ಷಿಯನ್ನು ಹಿಂಡಿದರೆ ಬರುವ ರಸಕ್ಕೆ ಬಣ್ಣವೇ ಇರುವುದಿಲ್ಲ. ತಿರುಳೂ ಕೆಂಪಾಗಿರುವ ಅಲಿಕಾಂಟೆ ಬುಶೆಯಂಥ ಕೆಲವು ತಳಿಗಳನ್ನು ಬಿಟ್ಟರೆ, ಬಣ್ಣವೆಲ್ಲ ಸಿಪ್ಪೆಯಲ್ಲಿರುತ್ತದೆ. ಹಾಗಾಗಿ ಕೆಂಪು ವೈನ್ ಮಾಡುವವರು ರಸವನ್ನು ಸಿಪ್ಪೆ, ಬೀಜಗಳ ಜೊತೆಯಲ್ಲೇ ಹುದುಗಲು ಬಿಡುತ್ತಾರೆ. ಹುದುಗುವಾಗ ಏಳುವ ಗಾಳಿ ಸಿಪ್ಪೆಗಳನ್ನು ಮೇಲಕ್ಕೆ ತಳ್ಳುತ್ತದೆ, ತೊಟ್ಟಿಯ ಮೇಲೆ ದಪ್ಪನೆಯ ಪದರ ಕಟ್ಟುತ್ತದೆ. ಅದನ್ನು ದಿನಕ್ಕೆ ಹಲವು ಸಲ ಒಳಕ್ಕೆ ಅದುಮುತ್ತಾರೆ, ಇಲ್ಲವೇ ಕೆಳಗಿನ ರಸವನ್ನು ಪಂಪ್ ಮಾಡಿ ಅದರ ಮೇಲೆ ಸುರಿಯುತ್ತಾರೆ. ಬಣ್ಣ ಇಳಿಯುವುದು ಹಾಗೆ. ಒಗರು ಇಳಿಯುವುದೂ ಅಲ್ಲೇ.

ಎಡಗಡೆಯ ಗ್ಲಾಸಿನಲ್ಲಿರುವುದು ಕ್ಯಾಬರ್ನೆ ಸೊವಿನ್ಯೋನ್. ಕಾಳು ಚಿಕ್ಕದು, ಸಿಪ್ಪೆ ದಪ್ಪ. ರಸ ಕಡಿಮೆ, ಸಿಪ್ಪೆ ಜಾಸ್ತಿ ಅಂದಮೇಲೆ ವೈನ್ ದಟ್ಟವಾಗಲೇಬೇಕು. ಇಷ್ಟು ಕಪ್ಪಾದ ಈ ತಳಿಯ ಹೆತ್ತವರಲ್ಲಿ ಒಂದು ಬಿಳಿ ದ್ರಾಕ್ಷಿ ಅಂದರೆ ನಂಬುತ್ತೀರಾ? ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರಲ್ ಮೆರೆಡಿತ್ ಮತ್ತು ಜಾನ್ ಬವರ್ಸ್ 1997ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಇದನ್ನು ತೋರಿಸಿದರು. ಕೆಂಪು ಕ್ಯಾಬರ್ನೆ ಫ್ರಾಂಕ್, ಬಿಳಿ ಸೊವಿನ್ಯೋನ್ ಬ್ಲಾಂ. ಇವೆರಡರ ಬೆರಕೆಯಲ್ಲಿ ಹುಟ್ಟಿದ್ದು ಇದು. ಹೆಸರಿನಲ್ಲೇ ಇಬ್ಬರೂ ಇದ್ದರು ನೋಡಿ, ಆದರೂ ಗೊತ್ತಾಗಲು ಅಷ್ಟು ಕಾಲ ಬೇಕಾಯಿತು.

ಕಣ್ಣನ್ನು ಎಷ್ಟು ನಂಬಬೇಕು ಅನ್ನುವುದಕ್ಕೆ ಒಂದು ಪ್ರಯೋಗ ಹೇಳುತ್ತೇನೆ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ತಯಾರಿಕೆ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಒಂದು ಬಿಳಿ, ಒಂದು ಕೆಂಪು ವೈನ್ ಕೊಟ್ಟು ವಾಸನೆ ವಿವರಿಸಲು ಹೇಳಿದರು. ಇನ್ನೊಂದು ದಿನ ಅದೇ ಬಿಳಿ ವೈನನ್ನೇ ಎರಡೂ ಗ್ಲಾಸಿಗೆ ಹಾಕಿ, ಒಂದಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಬಣ್ಣ ಹಾಕಿದ್ದಕ್ಕೆ ವಿದ್ಯಾರ್ಥಿಗಳು ಕೆಂಪು ವೈನಿಗೆ ಹೇಳುವ ಮಾತುಗಳನ್ನೇ ಬರೆದರು. 2001ರಲ್ಲಿ ಇದು ಪ್ರಕಟವಾಯಿತು. ಅವರು ಅದನ್ನೇ ಕಲಿಯುತ್ತಿದ್ದವರು, ಮೂಗು ಪಳಗಿದವರು. ಕಣ್ಣು ಮೂಗಿಗಿಂತ ಮೊದಲೇ ತೀರ್ಪು ಕೊಟ್ಟುಬಿಟ್ಟಿತ್ತು. ನಾನೂ ಇದಕ್ಕೆ ಹೊರತಲ್ಲ. ಅದಕ್ಕೇ ಮುಖ್ಯವಾದ ವೈನನ್ನು ಒಂದು ಸಲವಾದರೂ ಕಣ್ಣು ಮುಚ್ಚಿ ಸವಿಯುತ್ತೇನೆ.

ಗ್ಲಾಸನ್ನು ಒಮ್ಮೆ ತಿರುಗಿಸಿ. ಒಳಗೋಡೆಯ ಮೇಲೆ ಹನಿಗಳು ಸಾಲಾಗಿ ಇಳಿಯುತ್ತಿವೆ, ಅಲ್ವಾ? ಇದನ್ನು ವೈನಿನ ಕಣ್ಣೀರು ಅನ್ನುತ್ತಾರೆ. ಕಣ್ಣೀರು ಜಾಸ್ತಿ ಇದ್ದರೆ ಒಳ್ಳೆಯ ವೈನ್ ಎಂದು ಹೇಳುವವರಿದ್ದಾರೆ, ಅದು ತಪ್ಪು. 1855ರಲ್ಲೇ ಜೇಮ್ಸ್ ಥಾಮ್ಸನ್ ಇದರ ಕಾರಣ ಹೇಳಿದ್ದರು. ಗೋಡೆಗೆ ಅಂಟಿದ ತೆಳು ಪದರದಿಂದ ಆಲ್ಕೋಹಾಲ್ ಬೇಗ ಆರುತ್ತದೆ. ಅಲ್ಲಿ ನೀರಿನ ಅಂಶ ಹೆಚ್ಚಾಗಿ ಮೇಲ್ಮೈಯ ಸೆಳೆತ ಬಲವಾಗುತ್ತದೆ, ಕೆಳಗಿನ ವೈನನ್ನು ಮೇಲಕ್ಕೆಳೆಯುತ್ತದೆ. ಭಾರ ತಾಳದಾದಾಗ ಹನಿಯಾಗಿ ಜಾರುತ್ತದೆ. ಇದರಿಂದ ಆಲ್ಕೋಹಾಲಿನ ಸುಳಿವು ಸಿಗುತ್ತದೆ, ಅಷ್ಟೇ.

ಈಗ ಮೂಗು. ಗ್ಲಾಸನ್ನು ಅಲ್ಲಾಡಿಸದೆ ಒಮ್ಮೆ ಮೂಸಿ. ಆಮೇಲೆ ಮೇಜಿನ ಮೇಲಿಟ್ಟೇ ನಾಲ್ಕು ಸುತ್ತು ತಿರುಗಿಸಿ, ಮತ್ತೆ ಮೂಸಿ. ಎರಡನೇ ಸಲ ಹೆಚ್ಚು ಸಿಗುತ್ತದೆ. ಒದ್ದೆ ರಟ್ಟಿನ ವಾಸನೆ ಯಾರಿಗಾದರೂ ಬಂದರೆ ತಕ್ಷಣ ಹೇಳಿ. ಅದು ಬಿರಡೆಯಿಂದ ಬರುವ ದೋಷ, ಆ ಬಾಟಲಿಯನ್ನು ಬದಲಿಸುತ್ತೇನೆ. ಬೇರೆ ಏನು ಬಂದರೂ ತಪ್ಪಿಲ್ಲ. ಕಪ್ಪು ಹಣ್ಣು, ಸೀಸದ ಕಡ್ಡಿ ಕೆತ್ತಿದಾಗಿನ ಮರದ ಪುಡಿ, ವೆನಿಲ್ಲಾ, ಹೊಗೆ, ಇಂಥದ್ದು ಸಿಗಬಹುದು. ವೆನಿಲ್ಲಾ, ಹೊಗೆ ಇವೆಲ್ಲ ಹೆಚ್ಚಾಗಿ ಓಕ್ ಪೀಪಾಯಿಯ ಕೊಡುಗೆ. ಬೋರ್ಡೋದ ಪೀಪಾಯಿ 225 ಲೀಟರಿನದು. ಅದನ್ನು ಕಟ್ಟುವಾಗ ಒಳಮೈಯನ್ನು ಬೆಂಕಿಯಲ್ಲಿ ಕಾಯಿಸುತ್ತಾರೆ. ಹೊಸ ಪೀಪಾಯಿ ವೈನಿಗೆ ತನ್ನ ವಾಸನೆಯನ್ನು ಧಾರಾಳವಾಗಿ ಬಿಟ್ಟುಕೊಡುತ್ತದೆ, ಬಳಸಿದಂತೆಲ್ಲ ಅದು ಕಡಿಮೆಯಾಗುತ್ತದೆ.

ಕ್ಯಾಬರ್ನೆಯಲ್ಲಿ ಕೆಲವೊಮ್ಮೆ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಬರುತ್ತದೆ. ಪೈರಜಿನ್ ಎಂಬ ಗುಂಪಿನ ವಸ್ತುಗಳು ಅದಕ್ಕೆ ಕಾರಣ. ಒಂದು ಲೀಟರಿನಲ್ಲಿ ಗ್ರಾಮಿನ ನೂರು ಕೋಟಿಯ ಭಾಗದಷ್ಟು ಲೆಕ್ಕದಲ್ಲಿ ಇದ್ದರೂ ಮೂಗು ಹಿಡಿಯುತ್ತದೆ. ಹಣ್ಣು ಮಾಗಿದಂತೆ ಅದು ಇಳಿಯುತ್ತದೆ, ಬೇಗ ಕೊಯ್ದರೆ ಉಳಿಯುತ್ತದೆ. ಇದರ ಹಿಂದೆ ನನಗೆ ಬಹಳ ಇಷ್ಟವಾದ ಕತೆಯೊಂದಿದೆ, ವಿಷಯ ಬಿಟ್ಟು ಸ್ವಲ್ಪ ಆಚೆ ಹೋಗುತ್ತೇನೆ. ಚಿಲಿ ದೇಶದ ಮೆರ್ಲೋ ವೈನಿನಲ್ಲಿ ಈ ಹಸಿ ವಾಸನೆ ಯಾಕೆ ಹೆಚ್ಚು ಎಂಬ ಪ್ರಶ್ನೆ ಬಹಳ ಕಾಲ ಇತ್ತು. 1994ರಲ್ಲಿ ಫ್ರಾನ್ಸಿನ ತಳಿತಜ್ಞ ಜಾನ್ ಮಿಶೆಲ್ ಬೂರ್ಸಿಕೋ ಅಲ್ಲಿನ ತೋಟದಲ್ಲಿ ನಿಂತು ಬಳ್ಳಿಗಳನ್ನು ನೋಡಿ, ಇವು ಮೆರ್ಲೋ ಅಲ್ಲ, ಕಾರ್ಮೆನೇರ್ ಎಂದು ಗುರುತಿಸಿದರು. ಬೋರ್ಡೋದ ಹಳೆಯ ತಳಿ ಅದು. 19ನೇ ಶತಮಾನದಲ್ಲಿ ಫಿಲೊಕ್ಸೆರಾ ಎಂಬ ಸಣ್ಣ ಹುಳು ಯುರೋಪಿನ ತೋಟಗಳನ್ನು ತಿಂದುಹಾಕಿದ ಮೇಲೆ ಬೋರ್ಡೋದಲ್ಲಿ ಹೆಚ್ಚುಕಡಿಮೆ ಮರೆಯಾಗಿತ್ತು. ಚಿಲಿಯಲ್ಲಿ ಮೆರ್ಲೋ ಸಾಲುಗಳ ನಡುವೆ, ಮೆರ್ಲೋ ಹೆಸರಿನಲ್ಲೇ ಬದುಕಿಕೊಂಡಿತ್ತು. ಅದು ಮೆರ್ಲೋಗಿಂತ ಕೆಲವು ವಾರ ತಡವಾಗಿ ಹಣ್ಣಾಗುತ್ತದೆ. ಎರಡನ್ನೂ ಒಟ್ಟಿಗೆ ಕೊಯ್ದರೆ ಹಸಿ ವಾಸನೆ ಬರದೆ ಇನ್ನೇನಾಗುತ್ತದೆ?

ವಾಸನೆಯ ಬಗ್ಗೆ ಇನ್ನೊಂದೇ ಮಾತು. ಪಕ್ಕದವರಿಗೆ ಸಿಕ್ಕಿದ್ದು ನಿಮಗೆ ಸಿಗಲಿಲ್ಲ ಅಂದರೆ ಬೇಸರ ಬೇಡ. ಸಿರಾ ವೈನಿನಲ್ಲಿ ಕರಿಮೆಣಸಿನ ಘಮ ಬರುತ್ತದೆ. ಅದಕ್ಕೆ ಕಾರಣವಾದ ರೊಟಂಡೋನ್ ಎಂಬ ವಸ್ತುವನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ಕರಿಮೆಣಸಿನಲ್ಲಿರುವುದೂ ಇದೇ ವಸ್ತು. ಅವರು ಪರೀಕ್ಷಿಸಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಎಷ್ಟು ಹೆಚ್ಚು ಬೆರೆಸಿದರೂ, ಅದರ ವಾಸನೆ ಗೊತ್ತೇ ಆಗಲಿಲ್ಲ. ಈ ಸಭೆಯಲ್ಲೂ ಅಂಥವರು ಇರಬೇಕು. ಒಂದೇ ಗ್ಲಾಸಿನಿಂದ ಕುಡಿದರೂ ನಾವು ಕುಡಿಯುವುದು ಒಂದೇ ವೈನ್ ಅಲ್ಲ.

ಈಗ ಕುಡಿಯಿರಿ. ಒಂದು ದೊಡ್ಡ ಚಮಚದಷ್ಟು ಸಾಕು. ನುಂಗಬೇಡಿ. ಬಾಯಿ ಮುಕ್ಕಳಿಸುವ ಹಾಗೆ ನಿಧಾನವಾಗಿ ಎಲ್ಲ ಕಡೆ ಆಡಿಸಿ. ತುಟಿ ಸ್ವಲ್ಪ ತೆರೆದು ಒಳಕ್ಕೆ ಗಾಳಿ ಎಳೆಯಿರಿ, ಸದ್ದು ಬಂದರೆ ಬರಲಿ. ಬಾಯಿಯ ಹಿಂಬದಿಯಿಂದ ಘಮ ಮೂಗಿಗೆ ಏರುವುದು ಆಗಲೇ. ಹತ್ತು ಎಣಿಸುವಷ್ಟು ಹೊತ್ತು ಇಟ್ಟುಕೊಂಡು, ನುಂಗಿ ಅಥವಾ ಪಕ್ಕದ ಪಾತ್ರೆಗೆ ಉಗಿಯಿರಿ. ಉಗಿಯುವುದರಲ್ಲಿ ಸಂಕೋಚ ಬೇಡ. ಹಲವು ವೈನ್ ಸವಿಯುವ ದಿನ ಉಗಿಯದಿದ್ದರೆ ಕೊನೆಯ ಗ್ಲಾಸಿನ ಹೊತ್ತಿಗೆ ಯಾವ ರುಚಿಯೂ ಉಳಿದಿರುವುದಿಲ್ಲ.

ಈಗ ನಾಲಿಗೆಯ ತುದಿಯನ್ನು ಮೇಲಿನ ಒಸಡಿನ ಮೇಲೆ, ಹಲ್ಲಿನ ಮುಂಭಾಗದಲ್ಲಿ, ಒಮ್ಮೆ ಎಳೆದು ನೋಡಿ. ಜಾರುವುದಿಲ್ಲ, ಅಲ್ವಾ? ಕೆನ್ನೆಯ ಒಳಭಾಗ ಹಲ್ಲಿಗೆ ಅಂಟಿಕೊಂಡ ಹಾಗಿದೆ. ಅದೇ ಒಗರು. ಗಮನಿಸಿ, ಇದು ನಾಲಿಗೆಗೆ ಸಿಕ್ಕ ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶ. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದು ಅಂಟಿಕೊಳ್ಳುತ್ತದೆ. ಬಾಯಿಯನ್ನು ಸದಾ ಜಾರುವಂತೆ ಇಟ್ಟಿರುವುದು ಆ ಪ್ರೋಟೀನ್. ಅದು ಹೋದ ಕೂಡಲೇ ಒಳಗೋಡೆಗಳು ಒಂದಕ್ಕೊಂದು ತಿಕ್ಕುತ್ತವೆ. ಕಹಿ ಹೀಗಲ್ಲ. ಕಹಿಗೆ ತಿಕ್ಕಾಟವಿಲ್ಲ, ಅದು ನಾಲಿಗೆಗೆ ಸಿಗುವ ರುಚಿ.

ಮನೆಗೆ ಹೋದ ಮೇಲೆ ಒಂದು ಪ್ರಯೋಗ ಮಾಡಿ, ಇದಕ್ಕೆ ವೈನೂ ಬೇಡ. ಎರಡು ಲೋಟ ಕಪ್ಪು ಚಹಾ ಮಾಡಿ, ಸಕ್ಕರೆ ಹಾಕಬೇಡಿ. ಒಂದರಲ್ಲಿ ಸೊಪ್ಪು ಎರಡು ನಿಮಿಷ, ಇನ್ನೊಂದರಲ್ಲಿ ಹತ್ತು ನಿಮಿಷ ಇರಲಿ. ಆರಿದ ಮೇಲೆ ಒಂದೊಂದು ಗುಟುಕು ಕುಡಿದು ಒಸಡಿನ ಮೇಲೆ ನಾಲಿಗೆ ಎಳೆಯಿರಿ. ಎರಡನೆಯದು ಬಾಯಿಯನ್ನು ಹೇಗೆ ಬಿಗಿಯುತ್ತದೆ ನೋಡಿ. ಆಮೇಲೆ ಆ ಎರಡನೆಯ ಲೋಟಕ್ಕೇ ಎರಡು ಚಮಚ ಹಾಲು ಹಾಕಿ ಮತ್ತೆ ಕುಡಿಯಿರಿ. ಬಿಗಿತ ಥಟ್ಟನೆ ಇಳಿದಿರುತ್ತದೆ. ಟ್ಯಾನಿನ್‌ಗೆ ಹಿಡಿಯಲು ಹಾಲಿನ ಪ್ರೋಟೀನ್ ಸಿಕ್ಕಿತು, ನಿಮ್ಮ ಜೊಲ್ಲನ್ನು ಬಿಟ್ಟಿತು. ಇಂಥ ವೈನಿನ ಜೊತೆ ಮಾಂಸವನ್ನೋ ಗಟ್ಟಿ ಚೀಸನ್ನೋ ಯಾಕೆ ಇಡುತ್ತಾರೆ ಅನ್ನುವುದಕ್ಕೆ ಉತ್ತರ ಆ ಲೋಟದಲ್ಲೇ ಇದೆ. ನಾನು ಇದನ್ನು ಮೊದಲ ಸಲ ಮಾಡಿದ ದಿನ, ಓದಿ ತಿಳಿದಿದ್ದ ಎಷ್ಟೋ ವಿಷಯ ಒಮ್ಮೆಗೇ ಅರ್ಥವಾಯಿತು.

ಒಗರು ಇದೆಯೋ ಇಲ್ಲವೋ ಅನ್ನುವುದು ಮೊದಲ ಪ್ರಶ್ನೆ ಮಾತ್ರ. ಅದು ಎಂಥದ್ದು ಅನ್ನುವುದು ಮುಂದಿನದು. ರೇಷ್ಮೆಯ ಹಾಗಿದೆಯಾ, ಮಖಮಲ್ಲಿನ ಹಾಗಿದೆಯಾ, ಗೋಣಿಚೀಲದ ಹಾಗೆ ಗರಗರ ಅನ್ನುತ್ತಿದೆಯಾ? ಮುಂದಿನ ಒಸಡಿನಲ್ಲಿ ಮಾತ್ರ ಕೂತಿದೆಯಾ, ಬಾಯಿ ತುಂಬ ಹರಡಿದೆಯಾ? ಎಲ್ಲಕ್ಕಿಂತ ಮುಖ್ಯವಾಗಿ, ಅದು ಹೇಗೆ ಮುಗಿಯುತ್ತದೆ? ನುಂಗಿದ ಮೇಲೆ ಗಡಿಯಾರ ನೋಡಿ. ಕೆಲವು ವೈನಿನಲ್ಲಿ ಹಣ್ಣಿನ ರುಚಿ ಮೊದಲು ಹೊರಟುಹೋಗುತ್ತದೆ, ಬರೀ ಒಣ ಒಗರು ಉಳಿಯುತ್ತದೆ. ಚೆನ್ನಾಗಿ ಮಾಡಿದ ವೈನಿನಲ್ಲಿ ಒಗರು ನಿಧಾನವಾಗಿ ಕರಗುತ್ತದೆ, ಹಣ್ಣು ಅದರಾಚೆಗೂ ಇರುತ್ತದೆ. ನಾನು ಒಂದು ಗಟ್ಟಿ ಕೆಂಪು ವೈನನ್ನು ಒಪ್ಪುವುದೋ ಬಿಡುವುದೋ ಬಹುಮಟ್ಟಿಗೆ ಈ ಒಂದು ನಿಮಿಷದಲ್ಲೇ ತೀರ್ಮಾನವಾಗುತ್ತದೆ.

ಒಂದು ಎಚ್ಚರಿಕೆ. ಒಗರು ಗುಟುಕಿನಿಂದ ಗುಟುಕಿಗೆ ಏರುತ್ತಾ ಹೋಗುತ್ತದೆ. ಬೆನ್ನುಬೆನ್ನಿಗೆ ಮೂರು ಗುಟುಕು ಕುಡಿದರೆ ಮೂರನೆಯದು ಒರಟಾಗಿ ಕಾಣುತ್ತದೆ, ವೈನ್ ಬದಲಾಗಿರುವುದಿಲ್ಲ. ನಡುವೆ ಎರಡು ನಿಮಿಷ ಬಿಡಿ, ನೀರು ಕುಡಿಯಿರಿ. ಆ ತಟ್ಟೆಯಲ್ಲಿ ಬ್ರೆಡ್ ಇಟ್ಟಿರುವುದು ಅದಕ್ಕೇ.

ಉಳಿದ ಎಳೆಗಳು ಈಗ ಸುಲಭ. ಒಗರು ಬಾಯಿ ಒಣಗಿಸಿದರೆ ಹುಳಿ ಬಾಯಲ್ಲಿ ನೀರೂರಿಸುತ್ತದೆ. ನುಂಗಿದ ಮೇಲೆ ತಲೆ ಬಗ್ಗಿಸಿ, ನಾಲಿಗೆಯ ಕೆಳಗೆ ನೀರು ತುಂಬಿಕೊಳ್ಳುತ್ತಿದ್ದರೆ ಹುಳಿ ಸಾಕಷ್ಟಿದೆ. ಹುಳಿಯಿಲ್ಲದ ದಪ್ಪ ವೈನ್ ಎರಡನೇ ಗುಟುಕಿಗೇ ಸಾಕು ಅನ್ನಿಸುತ್ತದೆ. ಆಲ್ಕೋಹಾಲನ್ನು ಎದೆಗೂಡಿನ ಬಿಸಿಯಿಂದ ಅಳೆಯಿರಿ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಆಲ್ಕೋಹಾಲ್ ಬರುತ್ತದೆ. ನಿಮ್ಮ ಎಡಗಡೆಯ ವೈನಿನಲ್ಲಿ ಶೇ. 14.5 ಇದೆ. ಅಂದರೆ ಕೊಯ್ದ ದಿನ ಆ ರಸದ ಒಂದೊಂದು ಲೀಟರಿನಲ್ಲೂ ಕಾಲು ಕಿಲೋ ಹತ್ತಿರ ಸಕ್ಕರೆ ಇತ್ತು. ಅದೆಲ್ಲ ಈಗ ಆಲ್ಕೋಹಾಲಾಗಿದೆ. ‘ಇದು ಸಿಹಿ’ ಎಂದು ಈಗ ತಾನೇ ಒಬ್ಬರು ಹೇಳಿದರು. ಸಕ್ಕರೆ ಉಳಿದಿಲ್ಲ. ಮಾಗಿದ ಹಣ್ಣಿನ ಘಮ, ಆಲ್ಕೋಹಾಲಿನ ನುಣುಪು, ಓಕಿನ ವೆನಿಲ್ಲಾ ಸೇರಿ ಸಿಹಿಯ ನೆನಪು ತರುತ್ತಿವೆ.

ಹಣ್ಣು ಅತಿಯಾಗಿ ಮಾಗಿಸಿ, ಹೊಸ ಓಕಿನಲ್ಲಿ ಮುಳುಗಿಸಿ ಮಾಡಿದ ವೈನ್‌ಗಳು ಮೊದಲ ಗುಟುಕಿನಲ್ಲಿ ಎಲ್ಲರನ್ನೂ ಗೆಲ್ಲುತ್ತವೆ. ನನಗೆ ಅವು ಬೇಗ ದಣಿವು ತರುತ್ತವೆ. ಮರವೇ ಮಾತಾಡುತ್ತಿರುತ್ತದೆ, ಹಣ್ಣಿಗೆ ಬಾಯಿ ತೆರೆಯಲು ಎಡೆಯಿರುವುದಿಲ್ಲ.

ಸರಿ, ಬಲಗಡೆಯ ಗ್ಲಾಸು ತೆಗೆದುಕೊಳ್ಳಿ. ಮೊದಲು ನೀರು ಕುಡಿಯಿರಿ. ಮೂಸಿ. ಒಣಗಿದ ಗುಲಾಬಿ, ಸ್ವಲ್ಪ ಡಾಂಬರು, ಹುಳಿ ಚೆರಿ. ಈಗ ಒಂದು ಗುಟುಕು, ಅದೇ ರೀತಿ ಹತ್ತು ಎಣಿಸಿ. ಒಸಡಿನ ಮೇಲೆ ನಾಲಿಗೆ ಎಳೆಯಿರಿ.

ನಿಮ್ಮ ಮುಖಗಳೇ ಹೇಳುತ್ತಿವೆ! ಓದಲು ಬರುವಷ್ಟು ತಿಳಿಯಾದ ಈ ವೈನ್ ಎಡಗಡೆಯದಕ್ಕಿಂತ ಜೋರಾಗಿ ಹಿಡಿಯಿತು, ಅಲ್ವಾ? ಇದು ನೆಬಿಯೋಲೋ ದ್ರಾಕ್ಷಿ. ಇಟಲಿಯ ಪಿಯೆಮಾಂಟೆ ಪ್ರಾಂತ್ಯದ ಬರೋಲೊ ವೈನ್. ಈ ದ್ರಾಕ್ಷಿಯ ಬಣ್ಣ ಬೇಗ ಮಾಸುವ ಬಗೆಯದು. ಟ್ಯಾನಿನ್ ಮಾತ್ರ ಯಥೇಚ್ಛ, ಹುಳಿಯೂ ಹೆಚ್ಚು. ಬರೋಲೊ ಎಂಬ ಹೆಸರು ಹಾಕಬೇಕಾದರೆ ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಕಾನೂನೇ ಹಾಗಿದೆ. ಕಾಲ ಕಳೆದಂತೆ ಟ್ಯಾನಿನ್ನೂ ಬಣ್ಣವೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಸ್ವಲ್ಪ ಭಾಗ ಗಸಿಯಾಗಿ ತಳ ಸೇರುತ್ತದೆ, ಒಗರು ಮೆತ್ತಗಾಗುತ್ತದೆ. ಅಷ್ಟು ಮಾಗಿದ ಮೇಲೂ ಇಷ್ಟು ಒಗರು. ನನಗೆ ಈ ಗ್ಲಾಸಿನ ಮೇಲೆ ಪ್ರೀತಿ ಹೆಚ್ಚು. ಆ ತೆಳು ಬಣ್ಣದೊಳಗೆ ಇಷ್ಟೊಂದು ಗಟ್ಟಿತನ ಇದೆ ಅನ್ನುವುದು ಪ್ರತಿ ಸಲವೂ ಹೊಸದಾಗಿ ಕಾಣುತ್ತದೆ.

ಬಿಸಿ-ತಂಪಿನ ಬಗ್ಗೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ಎಷ್ಟೋ ವರ್ಷಗಳ ಹಿಂದೆ ಒಬ್ಬ ಗೆಳತಿ ಊಟಕ್ಕೆ ಬಂದಿದ್ದಳು, ಕೆಂಪು ವೈನ್ ಅವಳಿಗೆ ಅದೇ ಮೊದಲು. ನಾನು ತನ್ನಾ ದ್ರಾಕ್ಷಿಯ ವೈನ್ ತೆಗೆದೆ. ಫ್ರಾನ್ಸಿನ ಮಾದಿರಾನ್ ಕಡೆಯ ತಳಿ ಅದು, ಒಗರಿಗೇ ಹೆಸರಾದದ್ದು. ವೈನ್ ಎಳೆಯದು, ಫ್ರಿಜ್ಜಿನಿಂದ ನೇರವಾಗಿ ಸುರಿದೆ. ತಂಪಿನಲ್ಲಿ ಘಮ ಮುದುಡುತ್ತದೆ, ಒಗರು ಇನ್ನಷ್ಟು ಬಿರುಸಾಗುತ್ತದೆ. ಅವಳು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟಳು, ಮತ್ತೆ ಮುಟ್ಟಲಿಲ್ಲ. ಮಾರನೇ ದಿನ ಹೊರಗೇ ಉಳಿದಿದ್ದ ಅರ್ಧ ಬಾಟಲಿಯಿಂದ ಸ್ವಲ್ಪ ಸುರಿದು ನೋಡಿದೆ. ಗಾಳಿಯಾಡಿತ್ತು, ತಂಪು ಬಿಟ್ಟಿತ್ತು. ಎಷ್ಟು ಚೆನ್ನಾಗಿತ್ತು! ಆ ಸಂಜೆಯ ಬಗ್ಗೆ ನನಗೆ ಇವತ್ತಿಗೂ ನೋವಿದೆ, ವೈನಿನದು ಏನೂ ತಪ್ಪಿರಲಿಲ್ಲ. ಇಂಥ ವೈನಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಸರಿ. ಅದಕ್ಕಿಂತ ಬಿಸಿಯಾದರೆ ಆಲ್ಕೋಹಾಲ್ ಮೂಗಿಗೆ ಚುಚ್ಚುತ್ತದೆ. ಕೋಣೆ ಬೆಚ್ಚಗಿದ್ದರೆ ಬಾಟಲಿಯನ್ನು ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ, ತಣ್ಣಗಿದ್ದರೆ ಗ್ಲಾಸಿನ ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ಕೂರಿ.

ಎಳೆಯ ವೈನನ್ನು ಅಗಲ ಬಾಯಿಯ ಜಾಡಿಗೆ ಸುರಿದು ಒಂದು ಗಂಟೆ ಬಿಡುವುದೂ ಒಳ್ಳೆಯದೇ. ಬಹಳ ಹಳೆಯದಾದರೆ ಹಾಗೆ ಬಿಡಬೇಡಿ, ಉಳಿದ ಘಮವೂ ಹಾರಿಹೋಗಬಹುದು. ಗಸಿ ಬೇರೆಯಾಗುವಷ್ಟು ಮೆಲ್ಲಗೆ ಬಗ್ಗಿಸಿ ತಕ್ಷಣ ಕುಡಿಯಿರಿ.

ಇವತ್ತಿನ ಎಡಗಡೆಯ ವೈನನ್ನು ನಾನು ಬೇಕೆಂದೇ ಜಾಡಿಗೆ ಸುರಿಯಲಿಲ್ಲ. ನಾನು ಮಾತಾಡುತ್ತಿದ್ದಷ್ಟೂ ಹೊತ್ತು ಅದು ನಿಮ್ಮ ಗ್ಲಾಸಿನಲ್ಲೇ ಗಾಳಿ ಕುಡಿದಿದೆ. ಸುಮಾರು ಒಂದು ಗಂಟೆ ಆಗಿರಬೇಕು. ಬ್ರೆಡ್ ಒಂದು ಚೂರು ತಿನ್ನಿ, ನೀರು ಕುಡಿಯಿರಿ, ಕಣ್ಣು ಮುಚ್ಚಿ ಅದನ್ನು ಮತ್ತೆ ಮೂಸಿ. ಪೆನ್ಸಿಲ್ ಪುಡಿಯ ವಾಸನೆ ಹಿಂದೆ ಸರಿದು ಹಣ್ಣು ಮುಂದೆ ಬಂದಿದೆಯಾ ನೋಡಿ. ಆಮೇಲೆ ಒಂದು ಗುಟುಕು. ಹತ್ತು ಎಣಿಸಿ, ಒಸಡಿನ ಮೇಲೆ ನಾಲಿಗೆ ಎಳೆದು, ಮೊದಲ ಗುಟುಕಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಪಕ್ಕದವರಿಗೆ ಹೇಳಿ.